ಭೈರಪ್ಪ ಯಾವ್ದ್ರಿಂದ ಶುರು ಮಾಡೋದು?

ಪರ್ವ ಐವತ್ತು ಪೇಜಿಗೇ ಸುಸ್ತಾಯ್ತು, ಎಸ್.ಎಲ್. ಭೈರಪ್ಪನವ್ರ ಕಾದಂಬರಿಗಳನ್ನ ಪಬ್ಲಿಷ್ ಆದ ಆರ್ಡರ್‌ನಲ್ಲೇ ಓದ್ಬೇಕಾ ಅಂತ ಕೇಳಿದೀರಲ್ಲ, ಬೇಡ ಸಾರ್, ಇವು ಸೀರೀಸ್ ಅಲ್ಲ, ಒಂದೊಂದೂ ಬೇರೆ ಕಥೆ. ಪರ್ವ (1979) ಮಹಾಭಾರತದ ಕಥೆನೇ ಹೊಸದಾಗಿ ಹೇಳೋ ಕಾದಂಬರಿ, ಸದ್ಯಕ್ಕೆ ಮುಚ್ಚಿಡಿ. ಗೃಹಭಂಗ ತಗೊಳ್ಳಿ, ಕೈಲಾಗದ ಗಂಡನ ಶಾನುಭೋಗಿಕೆ ಲೆಕ್ಕನೂ ತಾನೇ ಬರ್ದು, ಮುತ್ತುಗದ ಊಟದೆಲೆ ಹಚ್ಚಿ ಮನೆ ನಡೆಸೋ ನಂಜಮ್ಮ ಇದಾಳಲ್ಲ, ಆಮೇಲೆ ಪ್ಲೇಗು ಬರುತ್ತೆ, ನಾನಂತೂ ಅಲ್ಲಿ ಪುಸ್ತಕ ಮಡಚಿಟ್ಟು ಎದ್ದು ಹೋಗಿದ್ದೆ. ಅದು ಮುಗಿದ ತಕ್ಷಣ ಆತ್ಮಕಥೆ ಭಿತ್ತಿ ಓದಿ, ಎಷ್ಟು ಅವರ ಬದುಕಿಂದಲೇ ಬಂದಿದ್ದು ಅಂತ ಗೊತ್ತಾಗುತ್ತೆ. ಈ ಜೋಡಿ ಮಾತ್ರ ಹಿಂದೆಮುಂದೆ ಮಾಡ್ಬೇಡಿ. ಆಮೇಲೆ ವಂಶವೃಕ್ಷ, ದಾಟು, ಸಂಗೀತ ಇಷ್ಟ ಇದ್ರೆ ಮಂದ್ರ. ಪರ್ವಕ್ಕೆ ಆಗ ವಾಪಸ್ ಬನ್ನಿ, ಮಹಾಭಾರತದಲ್ಲಿ ಯಾರು ಯಾರಿಗೆ ಏನಾಗ್ಬೇಕು ಅಂತ ಒಂದು ಚೀಟಿ ಬರ್ದು ಒಳಗಿಟ್ಕೊಳ್ಳಿ.