ಉಪದೇಶದ ಪುಟಗಳನ್ನು ಬಿಟ್ಟು ವಿಲಾಪದ ಪುಟಗಳನ್ನು ಓದಿ

ಪುಣೆಯಲ್ಲಿ ಕೆಲಸದಲ್ಲಿರುವ ನಿಮಗೆ, ಹಾವೇರಿಯಲ್ಲಿದ್ದ ತಂದೆಯವರ ಕೊನೆಯ ಗಳಿಗೆಗೆ ತಲುಪಲಾಗಲಿಲ್ಲವೆಂದೂ, ಆಮೇಲೆ ಯಾರ ಸಾಂತ್ವನವೂ ಮನಸ್ಸಿಗೆ ಹತ್ತುತ್ತಿಲ್ಲವೆಂದೂ, ಯಾರೋ ಕೊಟ್ಟ ಭಗವದ್ಗೀತೆಯನ್ನು ಕೆಲವು ಪುಟ ಓದಿ ಮುಚ್ಚಿಟ್ಟಿರೆಂದೂ ಬರೆದಿದ್ದೀರಿ. ಹಳೆಯ ಕಾವ್ಯಗಳನ್ನು ಓದಿ ನಿಜವಾಗಿ ಯಾರಿಗಾದರೂ ಸಮಾಧಾನ ಸಿಕ್ಕಿದೆಯೇ, ಸಿಕ್ಕಿದ್ದರೆ ಎಲ್ಲಿಂದ ಆರಂಭಿಸಬೇಕು ಎಂಬುದು ನಿಮ್ಮ ಪ್ರಶ್ನೆ. ನನಗೆ ಸಿಕ್ಕಿದೆ. ಆದರೆ ಅದು ಸಿಕ್ಕಿದ್ದು ತತ್ತ್ವ ಹೇಳುವ ಭಾಗಗಳಲ್ಲಲ್ಲ, ಪಾತ್ರಗಳು ಬಾಯಿಬಿಟ್ಟು ಅಳುವ ಭಾಗಗಳಲ್ಲಿ.

ಗೀತೆ ಹಿಡಿಸಲಿಲ್ಲವೆಂದು ನೀವು ಸಂಕೋಚಪಡಬೇಕಾಗಿಲ್ಲ. ಅದು ಯುದ್ಧ ಆರಂಭವಾಗುವ ಮುನ್ನ, ಇನ್ನೂ ಯಾರೂ ಸಾಯದಿರುವಾಗ ಹೇಳಿದ ಮಾತು. ಆತ್ಮಕ್ಕೆ ಸಾವಿಲ್ಲವೆಂಬುದನ್ನು ಸ್ವತಃ ಕೃಷ್ಣನ ಬಾಯಿಂದ ಕೇಳಿದ ಅರ್ಜುನನೇ, ಅಭಿಮನ್ಯು ಸತ್ತ ದಿನ ಸಂಜೆ ಶಿಬಿರಕ್ಕೆ ಮರಳಿ ಸುದ್ದಿ ತಿಳಿದಾಗ, ಏನನ್ನೂ ಕೇಳದವನಂತೆ ಗೋಳಾಡಿದ. ವ್ಯಾಸರು ಅದನ್ನು ಮುಚ್ಚಿಡಲಿಲ್ಲ, ಗದುಗಿನ ನಾರಣಪ್ಪನೂ ಮುಚ್ಚಿಡಲಿಲ್ಲ.

ನಿಮ್ಮ ಸ್ಥಿತಿಗೆ ತೀರ ಹತ್ತಿರವಾದದ್ದು ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿದೆ. ದಶರಥ ಸತ್ತಾಗ ಅವನ ನಾಲ್ವರು ಮಕ್ಕಳಲ್ಲಿ ಒಬ್ಬನೂ ಬಳಿಯಲ್ಲಿರಲಿಲ್ಲ. ರಾಮಲಕ್ಷ್ಮಣರು ಕಾಡಿನಲ್ಲಿದ್ದರು, ಭರತಶತ್ರುಘ್ನರು ದೂರದ ಕೇಕಯದಲ್ಲಿ, ಸೋದರಮಾವನ ಮನೆಯಲ್ಲಿದ್ದರು. ಮಗ ಬರುವವರೆಗೆ ರಾಜನ ದೇಹವನ್ನು ಎಣ್ಣೆಯ ಕೊಪ್ಪರಿಗೆಯಲ್ಲಿರಿಸುತ್ತಾರೆ. ಭರತನನ್ನು ಕರೆತರಲು ದೂತರನ್ನು ಕಳಿಸುವಾಗ, ತಂದೆ ಸತ್ತ ವಿಷಯವನ್ನು ಅವನಿಗೆ ತಿಳಿಸಕೂಡದು, ತುರ್ತಾದ ಕೆಲಸವಿದೆಯೆಂದಷ್ಟೇ ಹೇಳಿ ಕರೆತನ್ನಿ ಎಂದು ವಸಿಷ್ಠರು ಎಚ್ಚರಿಸುತ್ತಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆ ಸೇರಿದ ನಮ್ಮಂಥವರಿಗೆ ಈ ಕರೆಯನ್ನು ವಿವರಿಸಬೇಕಾಗಿಲ್ಲ. 'ಸ್ವಲ್ಪ ಸೀರಿಯಸ್ ಇದೆ, ಕೂಡಲೇ ಹೊರಟು ಬಾ' ಎಂದು ಫೋನಿನಲ್ಲಿ ಹೇಳುವ ಚಿಕ್ಕಪ್ಪನ ದನಿಯಲ್ಲೇ ಎಲ್ಲವೂ ತಿಳಿದುಬಿಡುತ್ತದೆ, ಆದರೂ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ತಿಳಿಯದವರಂತೆ ನಟಿಸುತ್ತೇವೆ.

ದಾರಿಯಲ್ಲಿ ಏಳು ರಾತ್ರಿ ಕಳೆದು ಬಂದ ಭರತನಿಗೆ ಅಯೋಧ್ಯೆಯ ಬೀದಿಗಳು ಬಿಕೋ ಎನ್ನುತ್ತಿರುವುದು ಕಾಣುತ್ತದೆ. ತಂದೆ ಅರಮನೆಯಲ್ಲಿ ಕಾಣದಿದ್ದಾಗ ತಾಯಿಯ ಬಳಿಗೆ ಹೋಗಿ ಕೇಳುತ್ತಾನೆ, ಸುದ್ದಿ ತಿಳಿದು ನೆಲಕ್ಕೆ ಬೀಳುತ್ತಾನೆ. ತಂದೆಯ ಸಂಸ್ಕಾರವನ್ನು ತಾವೇ ಮಾಡಿದ ರಾಮಾದಿಗಳು ಧನ್ಯರು ಎನ್ನುತ್ತಾನೆ. ರಾಮನೂ ಅಲ್ಲಿರಲಿಲ್ಲವೆಂಬುದು ಅವನಿಗೆ ಇನ್ನೂ ಗೊತ್ತಿಲ್ಲ. ಆಮೇಲೆ ಕೇಳುವ ಪ್ರಶ್ನೆ, ತಡವಾಗಿ ತಲುಪಿದ ಮಕ್ಕಳೆಲ್ಲರೂ ಕೇಳುವಂಥದು: ಅಪ್ಪ ಕೊನೆಯಲ್ಲಿ ಏನೆಂದರು? ಕೈಕೇಯಿ ಉತ್ತರವನ್ನು ಮೃದುಗೊಳಿಸುವುದಿಲ್ಲ. ರಾಮಾ, ಸೀತೆ, ಲಕ್ಷ್ಮಣಾ ಎನ್ನುತ್ತ ಹೋದರು ಎಂದುಬಿಡುತ್ತಾಳೆ. ಆ ಹೆಸರುಗಳಲ್ಲಿ ಭರತನ ಹೆಸರಿಲ್ಲ. ಇಷ್ಟು ಕಠಿಣವಾದದ್ದನ್ನು ಓದಿದರೆ ನೋವು ಹೆಚ್ಚಾಗಲಾರದೇ ಎಂದು ನೀವು ಕೇಳಬಹುದು. ಹೆಚ್ಚಾಗಬಹುದು, ಆದರೆ ಒಂಟಿತನ ಕಡಿಮೆಯಾಗುತ್ತದೆ. ಮರಣಶಯ್ಯೆಯ ಬಳಿ ಇರಲಾಗದ ಮಗನ ಸಂಕಟವನ್ನು ಆದಿಕವಿಯೇ ಇಷ್ಟು ವಿವರವಾಗಿ ಬರೆಯಲು ಯೋಗ್ಯವೆಂದು ಎಣಿಸಿದ್ದನೆಂಬುದು ಸಣ್ಣ ಸಂಗತಿಯಲ್ಲ.

ಅಲ್ಲಿಂದ ಮುಂದೆ ಚಿತ್ರಕೂಟದಲ್ಲಿ ರಾಮನಿಗೆ ಸುದ್ದಿ ತಿಳಿಯುವ ಭಾಗವನ್ನೂ ಓದಿ. ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಅವನಿಗೆ ತಿಳಿಯುತ್ತದೆ. ಮಂದಾಕಿನಿಯಲ್ಲಿ ತರ್ಪಣ ಕೊಟ್ಟು, ಕಾಡಿನಲ್ಲಿ ಸಿಗುವ ಇಂಗುದಿಯ ಹಿಂಡಿಗೆ ಬೋರೆಹಣ್ಣು ಬೆರೆಸಿ ದರ್ಭೆಯ ಮೇಲೆ ಪಿಂಡವಿಟ್ಟು, ಮನುಷ್ಯ ತಾನು ಏನನ್ನು ಉಣ್ಣುತ್ತಾನೋ ಅವನ ದೇವತೆಗಳೂ ಅದನ್ನೇ ಉಣ್ಣುತ್ತಾರೆ ಎಂದು ಅಳುತ್ತಾನೆ. ಪರಊರಿನ ಬಾಡಿಗೆ ಮನೆಯಲ್ಲಿ, ಪುರೋಹಿತರೂ ಸಿಗದೆ, ಇದ್ದುದರಲ್ಲೇ ತಿಥಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಮತಿ ಬೇಕಿಲ್ಲ. ಸಂಸ್ಕೃತ ಬಾರದಿದ್ದರೆ ವಿದ್ವಾನ್ ಎನ್. ರಂಗನಾಥಶರ್ಮರ ಕನ್ನಡ ಅನುವಾದವಿದೆ. ಭಾಷೆ ಗಂಭೀರವಾದರೂ ತೊಡಕಿಲ್ಲ.

ಈಗ ನನ್ನ ವಿಷಯ. ನಾನು ಕಳೆದುಕೊಂಡದ್ದು ತಮ್ಮನನ್ನು. ಡೊಂಬಿವಲಿಯಲ್ಲಿ ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿ ವಾಸವಾಗಿದ್ದೆವು. ನನಗೆ ಒದಗಿದವನು ಹತ್ತನೆಯ ಶತಮಾನದ ರನ್ನ. ಅವನ ಗದಾಯುದ್ಧದಲ್ಲಿ, ಸೈನ್ಯವೆಲ್ಲ ಅಳಿದ ಮೇಲೆ, ದುರ್ಯೋಧನ ಸಂಜಯನ ಜೊತೆಗೆ ಹೆಣಗಳ ನಡುವೆ ಭೀಷ್ಮರಿದ್ದಲ್ಲಿಗೆ ನಡೆದುಹೋಗುವ ಭಾಗವಿದೆ. ದಾರಿಯಲ್ಲಿ ತನ್ನವರ ಒಂದೊಂದು ದೇಹದ ಮುಂದೆಯೂ ಅವನು ನಿಲ್ಲುತ್ತಾನೆ, ಒಬ್ಬೊಬ್ಬರಿಗೂ ಬೇರೆಯದೇ ಮಾತಿನಲ್ಲಿ ಅಳುತ್ತಾನೆ. ಮಗ ಲಕ್ಷಣಕುಮಾರನ ಮುಂದೆ, ತಂದೆಗೆ ಮಗ ನೀರು ಬಿಡುವುದು ಉಚಿತ, ಅದು ಕೆಟ್ಟು ನಾನೇ ನಿನಗೆ ಬಿಡುವಂತಾಯಿತಲ್ಲ, ಕ್ರಮವನ್ನೇ ತಲೆಕೆಳಗು ಮಾಡಿದೆಯಾ ಎನ್ನುತ್ತಾನೆ. ದುಶ್ಶಾಸನನ ಮುಂದೆ, ತಾಯಿಯ ಹಾಲನ್ನು ನಾನು ಕುಡಿದ ಮೇಲೆ ನೀನು ಕುಡಿದೆ, ಚಿಕ್ಕಂದಿನಿಂದ ಎಲ್ಲದರಲ್ಲಿಯೂ ನನ್ನ ಹಿಂದೆಯೇ ಬಂದೆ, ಸಾವೊಂದರಲ್ಲಿ ನನ್ನನ್ನು ಮೀರಿ ಮುಂದೆ ಹೋದೆ ಎಂದು ಹಲುಬುತ್ತಾನೆ. ಅಣ್ಣನಾದವನ ದುಃಖವನ್ನು ಇದಕ್ಕಿಂತ ಸರಿಯಾಗಿ ಹೇಳಿದವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದು. ಸತ್ತವನು ದುಶ್ಶಾಸನ, ತುಂಬಿದ ಸಭೆಯಲ್ಲಿ ದ್ರೌಪದಿಯ ಮುಡಿಗೆ ಕೈಹಾಕಿದವನು. ರನ್ನನಿಗೆ ಅದು ಮರೆತಿಲ್ಲ, ಅವನ ಕಾವ್ಯದ ನಾಯಕನೇ ಭೀಮ. ಆದರೂ ತಮ್ಮನಿಗಾಗಿ ಅಳುವ ಹಕ್ಕನ್ನು ಅವನು ದುರ್ಯೋಧನನಿಂದ ಕಿತ್ತುಕೊಳ್ಳುವುದಿಲ್ಲ. ನನ್ನ ತಮ್ಮ ದುಷ್ಟನಾಗಿರಲಿಲ್ಲ, ಆದರೆ ಸಾಲಗಾರನಾಗಿದ್ದ, ಮುಂಗೋಪಿಯಾಗಿದ್ದ, ನನ್ನೊಡನೆ ಮಾತು ಬಿಟ್ಟದ್ದೂ ಉಂಟು. ಹದಿಮೂರು ದಿನ ಮನೆಗೆ ಬಂದವರೆಲ್ಲರೂ ಅವನೊಬ್ಬ ದೇವರಂಥ ಮನುಷ್ಯನೆಂದು ಹೇಳುತ್ತಿದ್ದಾಗ, ಅವರು ಹೇಳುತ್ತಿರುವುದು ಯಾರ ಬಗ್ಗೆಯೋ ಎನಿಸಿ ನನಗೆ ಅಳುವೇ ಬರುತ್ತಿರಲಿಲ್ಲ. ಇದ್ದ ಹಾಗೆಯೇ ಇದ್ದ ತಮ್ಮನಿಗಾಗಿ ಅಳಲು ಸಾಧ್ಯವಾದದ್ದು ರನ್ನನ ಪುಟಗಳಲ್ಲಿ. ನಿಮ್ಮ ತಂದೆಯವರ ಬಗ್ಗೆಯೂ ಒಳ್ಳೆಯ ನೆನಪುಗಳ ಜೊತೆಗೆ ಬೇರೆ ನೆನಪುಗಳಿದ್ದರೆ, ಈ ಭಾಗ ನಿಮಗೂ ಬೇಕಾದೀತು.

ಹಳಗನ್ನಡಕ್ಕೆ ಹೆದರಬೇಡಿ. ದುಃಖದಲ್ಲಿರುವ ಮನಸ್ಸು ಸಲೀಸಾದ ಪುಸ್ತಕದ ಪುಟಗಳನ್ನು ಕಣ್ಣಿನಿಂದ ದಾಟಿಸಿ, ಏನು ಓದಿದೆವೆಂದು ತಿಳಿಯದೆ ಮತ್ತೆ ಆಸ್ಪತ್ರೆಯ ವರಾಂಡಕ್ಕೇ ಹೋಗಿ ನಿಲ್ಲುತ್ತದೆ. ಪದ ಬಿಡಿಸಿ, ಅರ್ಥಕೋಶ ನೋಡಿ, ಅನ್ವಯ ಮಾಡಿಕೊಂಡು ಓದಬೇಕಾದ ಕಂದಪದ್ಯ ಅದಕ್ಕೆ ಅವಕಾಶ ಕೊಡುವುದಿಲ್ಲ. ತೀ.ನಂ. ಶ್ರೀಕಂಠಯ್ಯನವರು ಸಂಪಾದಿಸಿದ ಗದಾಯುದ್ಧ ಸಂಗ್ರಹ ಸಾಕು, ಪಕ್ಕದಲ್ಲಿ ಒಂದು ಗದ್ಯಾನುವಾದವಿದ್ದರೆ ಇನ್ನೂ ಅನುಕೂಲ. ಗಟ್ಟಿಯಾಗಿ ಓದಿ. ಗಮಕಿಗಳು ಓದುವುದನ್ನು ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ. ಗಮಕದಲ್ಲಿ ಕೇಳಿದಾಗ ಪದ್ಯದ ಅರ್ಧ ಅರ್ಥ ರಾಗದಲ್ಲೇ ಬಿಚ್ಚಿಕೊಳ್ಳುತ್ತದೆ, ಮತ್ತು ಹತ್ತು ಜನರ ನಡುವೆ ಕುಳಿತು ಅಳುವವರನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಅನೇಕರು ಸೂಚಿಸುತ್ತಾರೆ. ಹಾವು ಕಚ್ಚಿ ಸತ್ತ ಲೋಹಿತಾಶ್ವನಿಗಾಗಿ ಚಂದ್ರಮತಿ ಅಳುವ ಭಾಗ ಕನ್ನಡದ ಮಹಾವಿಲಾಪಗಳಲ್ಲಿ ಒಂದು. ಹೆಣ ಸುಡಲು ಹೋದ ತಾಯಿಯನ್ನು ಸುಡುಗಾಡಿನ ಸುಂಕಕ್ಕಾಗಿ ತಡೆಯುವವನು ಅವಳ ಗಂಡನೇ. ಆದರೆ ಕೊನೆಯಲ್ಲಿ ಶಿವ ಪ್ರತ್ಯಕ್ಷನಾಗಿ ಮಗು ಎದ್ದು ಕೂಡುತ್ತದೆ. ಕಾವ್ಯಕ್ಕೆ ಅದು ಸರಿ. ನಮ್ಮ ಮನೆಯಲ್ಲಿ ಯಾರೂ ಏಳುವುದಿಲ್ಲವಾದ್ದರಿಂದ, ಹೊಸದಾಗಿ ಕಳೆದುಕೊಂಡವರಿಗೆ ಆ ಮುಕ್ತಾಯ ಕ್ರೂರವೆನಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಓದುವುದಾದರೆ ಸ್ಮಶಾನದ ಪದ್ಯಗಳವರೆಗೆ ಓದಿ ನಿಲ್ಲಿಸಿ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ನಿದ್ದೆ, ಊಟ ಎರಡೂ ವಾರಗಟ್ಟಲೆ ತಪ್ಪಿದ್ದರೆ, ಅಥವಾ ಬದುಕುವುದೇ ಬೇಡವೆನಿಸುತ್ತಿದ್ದರೆ, ಪುಸ್ತಕವನ್ನು ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಕಾವ್ಯ ಆ ಕೆಲಸ ಮಾಡಲಾರದು.

ಕೊನೆಯದಾಗಿ ಕಾಳಿದಾಸ. ರಘುವಂಶದ ಎಂಟನೆಯ ಸರ್ಗದಲ್ಲಿ, ಆಕಾಶದಿಂದ ಬಿದ್ದ ನಾರದರ ವೀಣೆಯ ಹೂಮಾಲೆ ತಗುಲಿ ಇಂದುಮತಿ ಸಾಯುತ್ತಾಳೆ, ಗಂಡ ಅಜ ಅಳುತ್ತಾನೆ. ಯಜ್ಞದೀಕ್ಷೆಯಲ್ಲಿದ್ದ ವಸಿಷ್ಠರು ತಾವು ಬರಲಾಗದೆ ಶಿಷ್ಯನ ಮೂಲಕ ಬುದ್ಧಿಮಾತು ಹೇಳಿಕಳಿಸುತ್ತಾರೆ. ಅಜ ಮರ್ಯಾದೆಯಿಂದ ಆಗಲಿ ಎಂದು ಶಿಷ್ಯನನ್ನು ಬೀಳ್ಕೊಡುತ್ತಾನೆ. ಆ ಉಪದೇಶವೋ, ಶೋಕದಿಂದ ಕಿಕ್ಕಿರಿದ ಎದೆಯಲ್ಲಿ ಕಾಲಿಡಲು ಜಾಗವಿಲ್ಲದೆ ಗುರುವಿನ ಬಳಿಗೇ ಮರಳಿ ಹೋದಂತಾಯಿತು ಎನ್ನುತ್ತಾನೆ ಕಾಳಿದಾಸ. ವಸಿಷ್ಠರ ಮಾತೇ ಹೀಗೆ ಮರಳಿತೆಂದರೆ, ಬಂಧುಗಳ ಮಾತು ನಿಮಗೆ ಹತ್ತದಿರುವುದರಲ್ಲಿ ಆಶ್ಚರ್ಯವಿಲ್ಲ. ಅಜ ಆಮೇಲೆ ಎಂಟು ವರ್ಷ ಬದುಕುತ್ತಾನೆ, ಮಗನಿನ್ನೂ ಚಿಕ್ಕವನೆಂಬ ಒಂದೇ ಕಾರಣಕ್ಕೆ, ಹೆಂಡತಿಯ ಚಿತ್ರಗಳನ್ನೂ ಹೋಲಿಕೆಗಳನ್ನೂ ನೋಡುತ್ತ, ಕನಸಿನಲ್ಲಿ ಕಾಣುತ್ತ. ಆ ಚಿಕ್ಕ ಮಗನೇ ದಶರಥ.

ನೀವು ಆರಂಭಿಸಬೇಕಾದದ್ದು ಭರತನಿಗೆ ದೂತರು ಬರುವ ಸರ್ಗದಿಂದ, ಆಮೇಲೆ ರನ್ನ. ರಘುವಂಶವನ್ನು ಸದ್ಯಕ್ಕೆ ಬಿಡಿ, ಅದರ ಆ ಸರ್ಗ ಸಂಗಾತಿಯನ್ನು ಕಳೆದುಕೊಂಡವರಿಗೆ ಹೆಚ್ಚು ಸೇರಿದ್ದು. ಊರಿನಲ್ಲಿ ನಿಮ್ಮ ತಾಯಿಯವರಿದ್ದು, ಅವರಿಗೆ ಓದುವ ರೂಢಿಯಿದ್ದರೆ, ಎಸ್.ವಿ. ಪರಮೇಶ್ವರ ಭಟ್ಟರ ಕನ್ನಡ ಅನುವಾದವನ್ನು ತರಿಸಿಡಿ. ಆದರೆ ನೀವಾಗಿ ಅವರ ಕೈಗೆ ಕೊಡಬೇಡಿ. ಅವರೇ ಕೇಳಿದರೆ ಕೊಡಿ.