ಕಂಪ್ಯೂಟರ್ ಕೆಲಸಕ್ಕೆ ಬರುವವರನ್ನು ಏನು ಕೇಳಬೇಕು?

ನಮಸ್ಕಾರ ಸರ್. ತುಮಕೂರಿನ ನಿಮ್ಮ ಸಣ್ಣ ಆಫೀಸಿಗೆ ಫ್ರೆಷರ್‌ಗಳನ್ನು ತಗೋಬೇಕು, "ಈ ಫೀಲ್ಡಿಗೆ ಯಾಕೆ ಬಂದಿರಿ" ಅಂದರೆ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. "ಯಾರೂ ಹೇಳದೆ ಕಂಪ್ಯೂಟರಿನಲ್ಲಿ ನೀವಾಗೇ ಮಾಡಿದ ಒಂದು ಕೆಲಸ ಹೇಳಿ" ಅನ್ನಿ. ನಾನು ಹೀಗೆ ಕೇಳಿದಾಗ ತಿಪಟೂರು ಕಡೆಯ ಬಿಸಿಎ ಹುಡುಗಿಯೊಬ್ಬಳು ಅಪ್ಪನ ಕೊಬ್ಬರಿ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿದ್ದನ್ನು ಹೇಳಿದಳು. ಏಪ್ರಿಲ್ 3 ಅಂತ ಹಾಕಿದ 03/04 ಮಾರ್ಚ್ 4 ಆಗಿಬಿಡುತ್ತಿತ್ತು. 13/04 ಮಾತ್ರ ತಾರೀಖಾಗದೆ ಬರೀ ಅಕ್ಷರವಾಗಿ ಉಳಿಯುತ್ತಿತ್ತು. ಬೆನ್ನು ಹತ್ತಿ ಹುಡುಕಿ, ಸಿಸ್ಟಮ್ಮಿನ ರೀಜನ್ ಸೆಟ್ಟಿಂಗ್ (ಯಾವ ದೇಶದ ಪದ್ಧತಿ ಅನ್ನೋದು) ಅಮೆರಿಕದ್ದು, ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ ಅಂತ ಕಂಡುಹಿಡಿದಿದ್ದಳು. ಆಸಕ್ತಿ ಅಂದರೆ ಅದು. ರೆಸ್ಯೂಮೆಯಲ್ಲಿ ಅದರ ಸುಳಿವೇ ಇರಲಿಲ್ಲ!

ಫೈನಲ್ ಇಯರ್ ಪ್ರಾಜೆಕ್ಟ್ ಬಗ್ಗೆಯಾದರೆ "ಎಲ್ಲಿ ಕೈಕೊಟ್ಟಿತು, ಹೇಗೆ ಸರಿಮಾಡಿದಿರಿ" ಅಂತ ಕೇಳಿ. ದುಡ್ಡು ಕೊಟ್ಟು ತಂದದ್ದಾದರೆ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತೆ.

ದಯವಿಟ್ಟು ಕನ್ನಡದಲ್ಲೇ ಮಾತಾಡಲು ಬಿಡಿ. ಪಾವಗಡ, ಮಧುಗಿರಿ, ಶಿರಾ ಕಡೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷಿನಲ್ಲಿ ತಡವರಿಸಿದರೆ ಅದನ್ನೇ ದಡ್ಡತನ ಅಂದುಕೊಳ್ಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. "ಸಂಬಳಕ್ಕಾಗಿ ಬಂದೆ" ಅಂದವರನ್ನೂ ತಳ್ಳಿಹಾಕಬೇಡಿ. ಮನೆ ನಡೆಸಬೇಕು ಅನ್ನುವುದೂ ಒಳ್ಳೇ ಕಾರಣವೇ.

ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಅವರು ಎದ್ದುಹೋದ ತಕ್ಷಣ ಉತ್ತರ ಬರೆದಿಡಿ. ಸಂಜೆ ಹೊತ್ತಿಗೆ ಕೊನೆಗೆ ಬಂದವರು ಮಾತ್ರ ನೆನಪಿರುತ್ತಾರೆ. ಜಾತಿ, ಮದುವೆ ವಿಚಾರ ಬೇಡವೇ ಬೇಡ.