ಗೋಡೆಯಲ್ಲಿ ಈಥರ್ನೆಟ್ ಕೇಬಲ್ ಇರುವಾಗ ವೈ-ಫೈಗೆ ರಿಪೀಟರ್ ಬೇಕೆ?

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಮನೆ. ಕಟ್ಟಿಸುವಾಗಲೇ ಪ್ರತಿ ಕೋಣೆಗೂ ಈಥರ್ನೆಟ್ ಕೇಬಲ್ ಎಳೆಸಿದ್ದೇವೆ. ರೂಟರ್ ಕೆಳಗಿನ ಹಜಾರದ ಮೂಲೆಯಲ್ಲಿರುವುದರಿಂದ ಮಹಡಿಯಲ್ಲಿ ವೈ-ಫೈ ಸರಿಯಾಗಿ ಸಿಗುವುದಿಲ್ಲ. ಮೆಟ್ಟಿಲ ಬಳಿ ರಿಪೀಟರ್ ಹಾಕಿದ ಮೇಲೆ ಸಿಗ್ನಲ್ ಗೆರೆಗಳು ತುಂಬಿ ಕಾಣುತ್ತವೆ, ವೇಗ ಮಾತ್ರ ಇಲ್ಲ. ಮೆಶ್ (ಹಲವು ಘಟಕಗಳು ಸೇರಿ ಇಡೀ ಮನೆಗೆ ಒಂದೇ ವೈ-ಫೈ ಹರಡುವ ವ್ಯವಸ್ಥೆ) ಕೊಳ್ಳಬೇಕೆ? ಬಳಕೆಯಿಲ್ಲದೆ ಬಿದ್ದಿರುವ ಹಳೆಯ ರೂಟರ್ ಉಪಯೋಗಕ್ಕೆ ಬಂದೀತೆ?

ಉತ್ತರ: ಹಳೆಯ ರೂಟರ್ ಖಂಡಿತ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ರಿಪೀಟರ್ ತಾನು ಕೇಳಿಸಿಕೊಂಡದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳುತ್ತದೆ. ಒಂದೇ ಮಾಹಿತಿ ಗಾಳಿಯಲ್ಲಿ ಎರಡು ಸಲ ಸಾಗಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಫೋನಿನ ಗೆರೆಗಳು ರಿಪೀಟರ್‌ವರೆಗಿನ ಸ್ಥಿತಿಯನ್ನಷ್ಟೇ ತೋರಿಸುತ್ತವೆ, ಅಲ್ಲಿಂದ ರೂಟರ್‌ವರೆಗಿನದನ್ನಲ್ಲ. ಆ ದಾರಿಯನ್ನು ಕೇಬಲ್ಲಿಗೆ ಒಪ್ಪಿಸಿ, ಮಹಡಿಯ ಸಾಕೆಟ್ಟಿಗೆ ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದುದನ್ನು ವೈ-ಫೈ ಆಗಿ ಹರಡುವ ಸಾಧನ) ಜೋಡಿಸುವುದೇ ಸರಿಯಾದ ಕ್ರಮ. ಮುಂದೆ ಮೆಶ್ ಕೊಂಡರೂ ಅದರ ಘಟಕಗಳನ್ನು ಕೇಬಲ್ ಮೂಲಕವೇ ಜೋಡಿಸಿ.

ಮೊದಲು ಕೇಬಲ್ ಪರೀಕ್ಷಿಸಿ. ಕ್ಯಾಟ್ 5ಇ ದರ್ಜೆಯ ಕೇಬಲ್ 100 ಮೀಟರ್ ದೂರದವರೆಗೂ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯಬಲ್ಲದು. ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ಮಹಡಿಯ ಸಾಕೆಟ್ಟಿಗೆ ಸಿಕ್ಕಿಸಿ ಲಿಂಕ್ ವೇಗ ನೋಡಿ. ರೂಟರ್‌ನ ಪೋರ್ಟ್ ಕೂಡ ಗಿಗಾಬಿಟ್ ಆಗಿದ್ದು, 1000ದ ಬದಲು 100 ಮೆಗಾಬಿಟ್ ಎಂದು ತೋರಿದರೆ ಸಾಕೆಟ್ಟಿನ ಮುಚ್ಚಳ ಬಿಚ್ಚಬೇಕು. 100 ಮೆಗಾಬಿಟ್‌ಗೆ ನಾಲ್ಕು ತಂತಿಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ತಂತಿ ಸೀಳಿನೊಳಗೆ ಪೂರ್ತಿ ಇಳಿಯದೆ ಮೇಲೆದ್ದು ನಿಂತಿದ್ದರೂ ವೇಗ ಹತ್ತರಲ್ಲೊಂದು ಪಾಲಾಗುತ್ತದೆ.

ಹಳೆಯ ರೂಟರ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ, ಮುಖ್ಯ ರೂಟರ್‌ನ ವಿಳಾಸ 192.168.1.1 ಆಗಿದ್ದಲ್ಲಿ ಇದಕ್ಕೆ ಬೇರಾವ ಸಾಧನವೂ ಬಳಸದ 192.168.1.2ರಂಥ ವಿಳಾಸ ಕೊಟ್ಟು, ಡಿಎಚ್‌ಸಿಪಿಯನ್ನು (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆಯನ್ನು) ನಿಲ್ಲಿಸಿ, ಕೇಬಲ್ಲನ್ನು ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗಲ್ಲದೆ ಮನೆಯ ಸಾಧನಗಳನ್ನು ಜೋಡಿಸುವ ಲ್ಯಾನ್ ಪೋರ್ಟಿಗೆ ಹಾಕಿ. ಮನೆಯೊಳಗೆ ವಿಳಾಸ ಹಂಚುವ ಯಂತ್ರ ಒಂದೇ ಇರಬೇಕು. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಎರಡನೆಯದೂ ರೂಟರ್ ಆಗಿಯೇ ಉಳಿದರೆ ಮಹಡಿಯಲ್ಲಿ ಬೇರೊಂದು ಜಾಲ ಹುಟ್ಟಿಕೊಂಡು, ಅಲ್ಲಿನ ಫೋನಿಗೆ ಕೆಳಗಿನ ಪ್ರಿಂಟರ್ ಕಾಣಿಸದೆ ಹೋಗುತ್ತದೆ.

ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇರಲಿ; ಚಾನೆಲ್ ಮಾತ್ರ ಬೇರೆಯಾಗಿರಲಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6 ಮತ್ತು 11 ಒಂದರ ಮೇಲೊಂದು ಬೀಳುವುದಿಲ್ಲ. ಯಾವಾಗ ಒಂದರಿಂದ ಇನ್ನೊಂದಕ್ಕೆ ಹಾರಬೇಕೆಂಬುದನ್ನು ಬಹುಮಟ್ಟಿಗೆ ಫೋನೇ ತೀರ್ಮಾನಿಸುತ್ತದೆ. ಮಹಡಿ ಹತ್ತಿದ ಮೇಲೂ ಅದು ಕೆಳಗಿನ ಕ್ಷೀಣ ಸಿಗ್ನಲ್ಲನ್ನೇ ಹಿಡಿದುಕೊಂಡಿದ್ದರೆ, ಕೆಳಗಿನ ರೂಟರ್‌ನ ಪ್ರಸಾರ ಶಕ್ತಿಯನ್ನು ಒಂದು ಹಂತ ಇಳಿಸಿ, ವಿಡಿಯೊ ಕರೆಯಲ್ಲಿರುವಾಗಲೇ ಮೆಟ್ಟಿಲು ಹತ್ತಿ ನೋಡಿ.